ಜೀವಿರೋಧಕ ಔಷಧವೂ ಶ್ರಾವಕನ ವಿವೇಕವೂ

ಆಂಟಿಬಯಾಟಿಕ್ ಎಂದು ಎಲ್ಲರೂ ಕರೆಯುವ ಔಷಧಗಳಿಗೆ ಕನ್ನಡದಲ್ಲಿ ‘ಜೀವಿರೋಧಕ’ ಎಂಬ ಹೆಸರುಂಟು. ಹೆಸರೇ ಅವುಗಳ ಸ್ವಭಾವವನ್ನು ತಿಳಿಸುತ್ತದೆ. ಒಂದು ಜೀವದ ರಕ್ಷಣೆಗಾಗಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಗಳನ್ನು ವಿರೋಧಿಸುವ ಔಷಧಗಳಿವು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತವಾದ ಮೇಲೆ ಆಹಾರವನ್ನು ಮುಟ್ಟದ, ಕಂದಮೂಲಗಳನ್ನು ತ್ಯಜಿಸಿದ ಶ್ರಾವಕನು ಇಂತಹ ಔಷಧವನ್ನು ಸೇವಿಸಬಹುದೇ? ಸೇವಿಸಬಹುದಾದರೆ ಎಲ್ಲಿಯವರೆಗೆ? ಇದು ಹೊತ್ತು ಕಳೆಯಲು ಮಾಡುವ ಚರ್ಚೆಯೆಂದೇ ನಾನು ಬಹುಕಾಲ ಎಣಿಸಿದ್ದೆ. ನಮ್ಮ ಮನೆಯಲ್ಲಿಯೇ ಅದು ಎದುರಾದಾಗ ಉತ್ತರ ತೋಚದೆ ಕುಳಿತೆ.

ನನ್ನ ಸೋದರತ್ತೆಯವರು ಅಣುವ್ರತಗಳನ್ನು ಸ್ವೀಕರಿಸಿದವರು. ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದಲ್ಲಿ ಏಕಾಶನದ ನಿಯಮ ಹಿಡಿದಿದ್ದರು. ದಿನಕ್ಕೆ ಒಂದೇ ಊಟ, ನೀರೂ ಆಗಲೇ. ಆರನೆಯ ದಿನ ಚಳಿಜ್ವರ ಬಂದಿತು. ಮೂತ್ರದಲ್ಲಿ ಉರಿ, ಸೊಂಟದ ಪಕ್ಕದಲ್ಲಿ ನೋವು. ಊರಿನ ವೈದ್ಯರು ಎಂಟು ಗಂಟೆಗೊಮ್ಮೆ ನುಂಗಬೇಕಾದ ಮಾತ್ರೆಗಳನ್ನು ಬರೆದುಕೊಟ್ಟರು. ಅತ್ತೆಯವರು ಹಗಲಿನ ಮಾತ್ರೆಗಳನ್ನು ಮಾತ್ರ ನುಂಗಿ ರಾತ್ರಿಯದನ್ನು ದಿಂಬಿನ ಕೆಳಗಿಟ್ಟರು; ಯಾರಿಗೂ ಹೇಳಲಿಲ್ಲ. ಎರಡು ದಿನಗಳ ಅನಂತರ ಜ್ವರವೇರಿ ಮಾತು ತೊದಲತೊಡಗಿದಾಗ ಅವರನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ಮೂತ್ರದ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರು. ಬೆಳೆದದ್ದು ಈ. ಕೋಲಿ ಎಂಬ ಬ್ಯಾಕ್ಟೀರಿಯ. ಅದರ ಮುಂದೆ ಔಷಧಗಳ ಪಟ್ಟಿಯಿತ್ತು. ಆಂಪಿಸಿಲಿನ್, ಸಿಪ್ರೋಫ್ಲಾಕ್ಸಸಿನ್, ಸೆಫಲೋಸ್ಪೋರಿನ್‌ಗಳು, ಒಂದೊಂದರ ಎದುರಿಗೂ ‘ನಾಟುವುದಿಲ್ಲ’ ಎಂಬ ಗುರುತು. ಕೊನೆಯ ಕೆಲವು ಔಷಧಗಳು ಮಾತ್ರ ಉಳಿದಿದ್ದವು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, “ಇವರು ಈ ಮೊದಲು ಇಂತಹ ಮಾತ್ರೆಗಳನ್ನು ಆಗಾಗ್ಗೆ ತೆಗೆದುಕೊಳ್ಳುತ್ತಿದ್ದರೇ?” ಎಂದು ಕೇಳಿದರು. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ನೆಗಡಿಗೂ, ಪ್ರತಿ ಗಂಟಲು ಕೆರೆತಕ್ಕೂ ಅಂಗಡಿಯಿಂದ ಎರಡು ಮಾತ್ರೆ ತಂದುಕೊಟ್ಟವನು ನಾನೇ. ಉಳಿದ ಮಾತ್ರೆಗಳನ್ನು ಮೇಜಿನ ಖಾನೆಯಲ್ಲಿ ಕೂಡಿಟ್ಟವನೂ ನಾನೇ. ನಾನು ತಂದ ಮಾತ್ರೆಯೇ ಈ ಬ್ಯಾಕ್ಟೀರಿಯವನ್ನು ಬಲಪಡಿಸಿತೆಂದು ಯಾರೂ ನಿಶ್ಚಯವಾಗಿ ಹೇಳಲಾರರು. ಹಾಗಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಈಗ ಮೂಲ ಪ್ರಶ್ನೆಯನ್ನು ವಿಚಾರಿಸೋಣ. ಹಿಂಸೆಯೆಂದರೇನು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪ್ರಾಣಘಾತದೊಡನೆ ಪ್ರಮಾದವನ್ನೂ ಸೇರಿಸಿಯೇ ಹಿಂಸೆಯ ಲಕ್ಷಣವನ್ನು ಹೇಳಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾಗಾದಿ ಭಾವಗಳ ಉದಯದಲ್ಲಿಯೇ ಹಿಂಸೆಯ ಮೂಲವನ್ನು ಕಂಡಿದ್ದಾರೆ. ಆದುದರಿಂದ ಎಷ್ಟು ಜೀವಗಳು ಅಳಿದವು ಎಂಬ ಎಣಿಕೆಯೊಂದರಿಂದಲೇ ಹಿಂಸೆಯನ್ನು ಅಳೆಯಲಾಗದು. ಎಚ್ಚರದಿಂದ ನಡೆದೆವೋ, ಪ್ರಮಾದದಿಂದ ನಡೆದೆವೋ ಎಂಬುದನ್ನೂ ನೋಡಬೇಕು. ಬ್ಯಾಕ್ಟೀರಿಯಗಳನ್ನು ಆಗಮದ ಯಾವ ಜೀವವರ್ಗಕ್ಕೆ ಸೇರಿಸಬೇಕೆಂಬ ವಿಷಯದಲ್ಲಿ ಅವಸರದ ಸಮೀಕರಣಗಳನ್ನು ನಾನು ಮಾಡಬಯಸುವುದಿಲ್ಲ. ಅವು ಹುಟ್ಟುತ್ತವೆ, ಆಹಾರ ಸ್ವೀಕರಿಸುತ್ತವೆ, ಬೆಳೆಯುತ್ತವೆ, ಅಳಿಯುತ್ತವೆ. ಇಷ್ಟು ತಿಳಿದ ಮೇಲೆ ಅವುಗಳ ಬಗೆಗೆ ಉಡಾಫೆಯಿಂದಿರುವುದು ಶ್ರಾವಕನಿಗೆ ಸಲ್ಲದು.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ವಾಡಿಕೆ. ರೋಗಾಣುವಿನಿಂದ ಪ್ರಾಣವನ್ನು ಕಾಪಾಡಿಕೊಳ್ಳಲು ಔಷಧ ಸೇವಿಸುವುದು ವಿರೋಧೀ ಹಿಂಸೆಯೆಂದು ಅನೇಕರು ಸಮಾಧಾನ ಹೇಳುತ್ತಾರೆ. ಸಮಾಧಾನ ಸರಿಯಾದುದೇ. ಆದರೆ ಅದಕ್ಕೊಂದು ಗಡಿಯುಂಟು. ವಿರೋಧೀ ಹಿಂಸೆಗೆ ಎದುರಿಗೊಬ್ಬ ವಿರೋಧಿ ಇರಲೇಬೇಕು. ಮನೆಗೆ ನುಗ್ಗಿದವನನ್ನು ತಡೆಯುವ ಗೃಹಸ್ಥನು ಬೀದಿಯಲ್ಲಿ ಹೋಗುವವರನ್ನೆಲ್ಲ ಹೊಡೆದರೆ ಅದನ್ನು ಆತ್ಮರಕ್ಷಣೆಯೆನ್ನುವರೇ? ನುಗ್ಗಿದವನು ಯಾರು, ಅವನನ್ನು ತಡೆಯುವ ಸಾಧನ ಯಾವುದು ಎಂಬುದನ್ನು ಅರಿಯುವುದು ಇಲ್ಲಿ ಧರ್ಮದ ಭಾಗವೇ ಆಗುತ್ತದೆ. ಆದಕಾರಣ ಈ ಔಷಧಗಳ ವರ್ಗಗಳನ್ನು ಸ್ಥೂಲವಾಗಿಯಾದರೂ ತಿಳಿಯಬೇಕಾಗಿದೆ.

1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬವರು ಬ್ಯಾಕ್ಟೀರಿಯಗಳಿಗೆ ಬಣ್ಣ ಹಾಕುವ ಒಂದು ವಿಧಾನವನ್ನು ಪ್ರಕಟಿಸಿದರು. ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುವವು ಗ್ರಾಮ್-ಧನ, ಬಿಟ್ಟುಕೊಡುವವು ಗ್ರಾಮ್-ಋಣ. ಮೊದಲನೆಯವಕ್ಕೆ ದಪ್ಪನಾದ ಕೋಶಭಿತ್ತಿ; ಎರಡನೆಯವಕ್ಕೆ ತೆಳುಭಿತ್ತಿ, ಅದರ ಹೊರಗೆ ಮತ್ತೊಂದು ಪೊರೆ. ಯಾವ ಔಷಧ ಯಾವುದಕ್ಕೆ ನಾಟುತ್ತದೆಂಬುದು ಬಹುಮಟ್ಟಿಗೆ ಈ ಹೊದಿಕೆಯನ್ನೇ ಅವಲಂಬಿಸಿದೆ.

ಮೊದಲನೆಯ ವರ್ಗದ ಔಷಧಗಳು ಕೋಶಭಿತ್ತಿಯನ್ನು ಕಟ್ಟಲು ಬಿಡುವುದಿಲ್ಲ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಬೂಷ್ಟಿನಲ್ಲಿ ಕಂಡ ಪೆನಿಸಿಲಿನ್ ಇದರ ಆದಿ. ಮನುಷ್ಯನ ಜೀವಕೋಶಕ್ಕೆ ಭಿತ್ತಿಯಿಲ್ಲವಾದ್ದರಿಂದ ಪೆನಿಸಿಲಿನ್ ನಮ್ಮ ಕೋಶಗಳನ್ನು ಮುಟ್ಟುವುದಿಲ್ಲ. ಗಂಟಲುಬೇನೆ ತರುವ ಸ್ಟ್ರೆಪ್ಟೊಕಾಕಸ್ಸಿಗೆ ಅದು ಇಂದಿಗೂ ತಕ್ಕ ಔಷಧ. ಸೆಫಲೋಸ್ಪೋರಿನ್, ಕಾರ್ಬಪೆನೆಮ್‌ಗಳು ಇದರ ಬಂಧುಗಳು. ಗ್ರಾಮ್-ಋಣ ಬ್ಯಾಕ್ಟೀರಿಯಗಳ ಮೇಲೆ ಅವುಗಳ ವ್ಯಾಪ್ತಿ ಹೆಚ್ಚು. ವ್ಯಾಂಕೊಮೈಸಿನ್ ಕೂಡ ಭಿತ್ತಿಯನ್ನೇ ತಡೆಯುತ್ತದೆಯಾದರೂ ಹೊರಪೊರೆಯನ್ನು ದಾಟಲಾರದೆ ಗ್ರಾಮ್-ಧನಗಳಿಗೆ ಮಾತ್ರ ಸಲ್ಲುತ್ತದೆ.

ಎರಡನೆಯ ವರ್ಗದವು ಬ್ಯಾಕ್ಟೀರಿಯ ತನ್ನ ಪ್ರೋಟೀನನ್ನು ತಯಾರಿಸಿಕೊಳ್ಳುವ ಕಾರ್ಯವನ್ನು ಕೆಡಿಸುತ್ತವೆ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಜ್ ಮಣ್ಣಿನ ಜೀವಿಯೊಂದರಿಂದ ಪಡೆದ ಸ್ಟ್ರೆಪ್ಟೊಮೈಸಿನ್ ಈ ಬಗೆಯದು. ಕ್ಷಯಕ್ಕೆ ಮೊದಲ ಬಾರಿಗೆ ಉತ್ತರವಾದ ಆಂಟಿಬಯಾಟಿಕ್ ಅದೇ. ಜೆಂಟಮೈಸಿನ್, ಅಮಿಕಾಸಿನ್‌ಗಳು ಅದರ ಕುಲದವು. ಗ್ರಾಮ್-ಋಣ ದಂಡಾಣುಗಳ ಮೇಲೆ ಬಲವಾಗಿ ವರ್ತಿಸುತ್ತವೆ. ಡಾಕ್ಸಿಸೈಕ್ಲಿನ್ ಸೇರಿರುವ ಟೆಟ್ರಾಸೈಕ್ಲಿನ್ ಗುಂಪು ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್ಸಿಗೂ ಉಪಯುಕ್ತ. ಎರಿತ್ರೊಮೈಸಿನ್, ಅಜಿತ್ರೊಮೈಸಿನ್‌ಗಳ ಗುಂಪು ನಾಯಿಕೆಮ್ಮಿಗೂ ಮೈಕೊಪ್ಲಾಸ್ಮ ತರುವ ನ್ಯುಮೋನಿಯಕ್ಕೂ ಸಲ್ಲುತ್ತದೆ. ಮೈಕೊಪ್ಲಾಸ್ಮಕ್ಕೆ ಕೋಶಭಿತ್ತಿಯೇ ಇಲ್ಲ. ಅದಕ್ಕೆ ಪೆನಿಸಿಲಿನ್ ಕೊಡುವುದು ಇಲ್ಲದ ಗೋಡೆಯನ್ನು ಕೆಡವ ಹೊರಟಂತೆ. ಟೆಟ್ರಾಸೈಕ್ಲಿನ್ನಿನಂತಹ ಕೆಲವು ಔಷಧಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯವನ್ನು ನೇರವಾಗಿ ಕೊಲ್ಲದೆ ಅದರ ವೃದ್ಧಿಯನ್ನು ತಡೆಯುತ್ತವೆ. ಉಳಿದ ಕಾರ್ಯವನ್ನು ಶರೀರದ ಶಕ್ತಿಯೇ ಪೂರೈಸುತ್ತದೆ.

ಮೂರನೆಯ ವರ್ಗದವು ವಂಶವಸ್ತುವಿನ ಕಾರ್ಯವನ್ನೇ ತಡೆಯುವಂಥವು. ಸಿಪ್ರೋಫ್ಲಾಕ್ಸಸಿನ್ ಈ ಬಗೆಯದು. ಕ್ಷಯದ ಚಿಕಿತ್ಸೆಯ ಆಧಾರಸ್ತಂಭವಾದ ರಿಫಾಂಪಿಸಿನ್, ಆಮ್ಲಜನಕವಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಗಳಿಗೆ ಕೊಡುವ ಮೆಟ್ರೊನಿಡಜೋಲ್ ಇವೂ ಇಲ್ಲಿಗೆ ಸಮೀಪದವು. ಇನ್ನು ಸಲ್ಫಾ ಔಷಧಗಳು. 1935ರಲ್ಲಿ ಜರ್ಮನಿಯ ಗೆರ್‌ಹಾರ್ಡ್ ಡೋಮಾಕ್ ಪ್ರಕಟಿಸಿದ ಪ್ರಾಂಟೊಸಿಲ್‌ನಿಂದ ಇವು ಪ್ರಸಿದ್ಧಿಗೆ ಬಂದವು. ಬ್ಯಾಕ್ಟೀರಿಯಗಳು ಫೋಲಿಕ್ ಆಮ್ಲವನ್ನು ತಾವೇ ತಯಾರಿಸಿಕೊಳ್ಳುತ್ತವೆ. ನಾವು ಅದನ್ನು ಆಹಾರದಿಂದ ಪಡೆಯುತ್ತೇವೆ. ಆ ತಯಾರಿಕೆಯನ್ನು ಸಲ್ಫಾ ತಡೆಯುತ್ತದೆ.

ವಾಚಕರು ಒಂದು ಅಂಶವನ್ನು ಗಮನಿಸಿರಬಹುದು. ಎಲ್ಲ ರೋಗಕ್ಕೂ ಸಲ್ಲುವ ಔಷಧವು ಇವುಗಳಲ್ಲಿ ಒಂದೂ ಇಲ್ಲ. ವೈರಸ್ಸಿಗೆ ಕೋಶಭಿತ್ತಿಯಿಲ್ಲ, ತನ್ನದೇ ಆದ ಪ್ರೋಟೀನು ತಯಾರಿಕೆಯ ಯಂತ್ರವಿಲ್ಲ. ಈ ಔಷಧಗಳು ಗುರಿಯಿಡುವ ಯಾವುದೂ ಅದರಲ್ಲಿಲ್ಲ. ನೆಗಡಿಯೂ ಬಹುತೇಕ ಗಂಟಲು ಕೆರೆತಗಳೂ ವೈರಸ್ಸಿನಿಂದ ಬರುವಂಥವು. ಅವಕ್ಕೆ ಆಂಟಿಬಯಾಟಿಕ್ ನುಂಗಿದರೆ ವಿರೋಧಿಯೇ ಇಲ್ಲದ ಕಡೆ ಆಯುಧವೆತ್ತಿದಂತಾಗುತ್ತದೆ. ಹಾಗಾದರೆ ಸಾಯುವವರು ಯಾರು? ನಮ್ಮ ಕರುಳಿನಲ್ಲಿ, ಬಾಯಿಯಲ್ಲಿ, ಚರ್ಮದ ಮೇಲೆ ನಿರುಪದ್ರವಿಗಳಾಗಿ ವಾಸಿಸುವ ಬ್ಯಾಕ್ಟೀರಿಯಗಳು. ವಯಸ್ಕನ ದೇಹದಲ್ಲಿ ಅವು ಸುಮಾರು 38 ಲಕ್ಷ ಕೋಟಿಯಷ್ಟಿರಬಹುದೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಅವುಗಳಲ್ಲಿ ಅನೇಕವು ನಮಗೆ ಉಪಕಾರಿಗಳೂ ಹೌದು.

ಇದನ್ನು ವಿರೋಧೀ ಹಿಂಸೆಯೆಂದು ಕರೆಯಲು ಬರುವುದಿಲ್ಲ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಬೇರೆ ಹೆಸರುಂಟು: ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಹಿಂಸಾದಾನವನ್ನೂ ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕತ್ತರಿಸುವುದು ಪ್ರಮಾದಚರ್ಯೆ. ವಿಷ, ಶಸ್ತ್ರ ಮೊದಲಾದ ಹಿಂಸೆಯ ಸಾಧನಗಳನ್ನು ಇತರರಿಗೆ ಕೊಡುವುದು ಹಿಂಸಾದಾನ. ನೆಗಡಿಗೆ ನುಂಗಿದ ಮಾತ್ರೆ ಮೊದಲನೆಯದಕ್ಕೆ ಸೇರದೇ? “ನನಗೆ ಇದರಿಂದ ವಾಸಿಯಾಯಿತು, ನೀವೂ ತೆಗೆದುಕೊಳ್ಳಿ” ಎಂದು ನೆರೆಮನೆಯವರಿಗೆ ಕೊಟ್ಟ ಉಳಿದ ಮಾತ್ರೆ ಎರಡನೆಯದಕ್ಕೆ ಸೇರದೇ? ಮೇಜಿನ ಖಾನೆಯನ್ನು ನೆನೆದು ಈ ಮಾತನ್ನು ಬರೆಯುತ್ತಿದ್ದೇನೆ.

ಅನರ್ಥದಂಡದ ಫಲ ಮಾಡಿದವನಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಈ ವಿಷಯ ಬಹು ಸ್ಪಷ್ಟವಾಗಿ ತೋರಿಸುತ್ತದೆ. ಈ. ಕೋಲಿ ಅನುಕೂಲ ಸನ್ನಿವೇಶದಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಒಂದು ಜೀವಿ ಏಳು ಗಂಟೆಗಳಲ್ಲಿ 20 ಲಕ್ಷವನ್ನು ಮೀರುತ್ತದೆ. ಇಷ್ಟು ವೇಗದ ಸಂತತಿಯಲ್ಲಿ ಎಲ್ಲಿಯೋ ಒಂದರಲ್ಲಿ ಔಷಧವನ್ನು ಒಡೆಯುವ ಕಿಣ್ವವೋ ಔಷಧವನ್ನು ಹೊರದೂಡುವ ಶಕ್ತಿಯೋ ಇರುತ್ತದೆ. ಔಷಧ ಉಳಿದವನ್ನೆಲ್ಲ ಅಳಿಸಿದಾಗ ಅದೊಂದಕ್ಕೆ ಇಡೀ ಹೊಲವೇ ತೆರವಾಗುತ್ತದೆ. ಆ ಶಕ್ತಿಯನ್ನು ಅದು ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲದು. ಕೈಯಿಂದ, ನೀರಿನಿಂದ, ಚರಂಡಿಯಿಂದ ಅದು ಮತ್ತೊಬ್ಬರ ಮನೆಯನ್ನು ಸೇರುತ್ತದೆ.

ಫ್ಲೆಮಿಂಗ್ ಇದನ್ನು ಬಹು ಹಿಂದೆಯೇ ಎಚ್ಚರಿಸಿದ್ದರು. 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ನೀಡುತ್ತ ಒಂದು ಕಲ್ಪಿತ ದೃಷ್ಟಾಂತವನ್ನು ಹೇಳಿದರು. ಗಂಟಲುಬೇನೆಯ ಗೃಹಸ್ಥನೊಬ್ಬ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಪ್ರಮಾಣದಲ್ಲಿ ಸೇವಿಸುತ್ತಾನೆ. ರೋಗಾಣುಗಳು ಸಾಯದೆ ಔಷಧವನ್ನು ಎದುರಿಸಲು ಕಲಿಯುತ್ತವೆ. ಅವು ಹೆಂಡತಿಗೆ ಅಂಟಿ ಅವಳಿಗೆ ನ್ಯುಮೋನಿಯ ಬರುತ್ತದೆ. ಪೆನಿಸಿಲಿನ್ ನಾಟದೆ ಅವಳು ಸಾಯುತ್ತಾಳೆ. ದೃಷ್ಟಾಂತದ ಆ ಬ್ಯಾಕ್ಟೀರಿಯವೇನೋ ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತದೆ. ಆದರೆ ಬೇರೆ ಅನೇಕ ಬ್ಯಾಕ್ಟೀರಿಯಗಳು ಫ್ಲೆಮಿಂಗರ ಮಾತನ್ನು ನಿಜಮಾಡಿವೆ. 2019ರಲ್ಲಿ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಮರಣಗಳಿಗೆ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳೇ ನೇರ ಕಾರಣವೆಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಸೂಕ್ಷ್ಮಜೀವಿಯ ವಿಷಯದಲ್ಲಿ ತೋರಿದ ಅಜಾಗರೂಕತೆ ಪಂಚೇಂದ್ರಿಯ ಜೀವಿಯಾದ ಮನುಷ್ಯನ ಘಾತದಲ್ಲಿ ಮುಗಿಯುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ತಿಳಿಯದು.

ಇನ್ನೊಂದು ಗಂಭೀರ ಮಾತುಂಟು. ಸಲ್ಲೇಖನೆಗೆ ಅವಕಾಶವನ್ನು ಹೇಳುವಲ್ಲಿ ಸಮಂತಭದ್ರಾಚಾರ್ಯರು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೇಳಿದ್ದಾರೆ. ಪ್ರತೀಕಾರವಿಲ್ಲದುದು ಎಂಬ ವಿಶೇಷಣವನ್ನು ನಾವು ಮರೆಯಬಾರದು. ಔಷಧದಿಂದ ಗುಣವಾಗುವ ಜ್ವರದಲ್ಲಿ ಔಷಧವನ್ನು ಬಿಟ್ಟು ದೇಹವನ್ನು ಕಳೆದುಕೊಳ್ಳುವುದು ಸಲ್ಲೇಖನೆಯಾಗಲಾರದು. ಒಂದು ಕಾಲದಲ್ಲಿ ನ್ಯುಮೋನಿಯ, ಕ್ಷಯ, ರಕ್ತದ ನಂಜು ಇವುಗಳಿಗೆ ಪ್ರತೀಕಾರವಿರಲಿಲ್ಲ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಪೊಲೀಸ್ ಪೇದೆಯೊಬ್ಬನಿಗೆ ಪೆನಿಸಿಲಿನ್ ಕೊಟ್ಟಾಗ ಅವನು ಚೇತರಿಸಿಕೊಳ್ಳತೊಡಗಿದನು. ಔಷಧ ಸಾಲದೆ, ಅವನ ಮೂತ್ರದಿಂದಲೇ ಅದನ್ನು ಮರಳಿ ಬೇರ್ಪಡಿಸಿ ಕೊಟ್ಟರು. ಅದೂ ಮುಗಿಯಿತು, ಮುಂದಿನ ತಿಂಗಳು ಅವನು ತೀರಿಕೊಂಡನು. ಒಂದೊಂದು ಕಣವನ್ನೂ ಹಾಗೆ ಕಾಪಾಡಿದ ಔಷಧವನ್ನು ನಾವು ಖಾನೆಯಲ್ಲಿ ಚೆಲ್ಲಾಡಿ, ಪ್ರತೀಕಾರವುಳ್ಳ ರೋಗಗಳನ್ನು ಮತ್ತೆ ಪ್ರತೀಕಾರವಿಲ್ಲದವುಗಳ ಸಾಲಿಗೆ ಸೇರಿಸುತ್ತಿದ್ದೇವೆ.

ವ್ರತಿಗಳಿಗೆ ಉಪಯೋಗವಾಗಬಹುದಾದ ಕೆಲವು ವಿಷಯಗಳನ್ನು ಇಲ್ಲಿ ನಿವೇದಿಸುತ್ತೇನೆ. ರಾತ್ರಿಭೋಜನ ತ್ಯಾಗವಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮುಚ್ಚಿಟ್ಟು ಮಾತ್ರೆ ಬಿಡಬಾರದು. ಅಜಿತ್ರೊಮೈಸಿನ್ನನ್ನು ದಿನಕ್ಕೊಮ್ಮೆ ಕೊಡುತ್ತಾರೆ. ಡಾಕ್ಸಿಸೈಕ್ಲಿನ್ ದಿನಕ್ಕೆ ಒಂದೆರಡು ಬಾರಿ ಸಾಕು. ಕೆಲವು ಚುಚ್ಚುಮದ್ದುಗಳನ್ನು ಹಗಲಿನಲ್ಲಿ ಒಮ್ಮೆ ಕೊಟ್ಟರೆ ಸಾಕು. ರೋಗಕ್ಕೆ ಒಪ್ಪುವುದಾದರೆ ವೈದ್ಯರು ಅಂತಹುದನ್ನು ಆರಿಸಬಲ್ಲರು. ಒಪ್ಪದಿದ್ದಾಗ ಏನು ಮಾಡಬೇಕೆಂಬುದನ್ನು ವ್ರತ ಕೊಟ್ಟ ಗುರುಗಳಲ್ಲಿ ಆರೋಗ್ಯವಿರುವಾಗಲೇ ಕೇಳಿಟ್ಟುಕೊಳ್ಳುವುದು ಲೇಸು. ಕ್ಯಾಪ್ಸೂಲುಗಳ ಹೊರಕವಚ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡಿದ ಜೆಲಟಿನ್. ಅದೇ ಔಷಧ ಮಾತ್ರೆಯ ರೂಪದಲ್ಲಿ ದೊರೆಯುವುದೇ ಎಂದು ವಿಚಾರಿಸಬಹುದು. ಎಷ್ಟು ದಿನ ಸೇವಿಸಬೇಕೆಂಬುದು ರೋಗದಿಂದ ರೋಗಕ್ಕೆ ಬೇರೆ. ಕೆಲವಕ್ಕೆ ಐದೇ ದಿನ ಸಾಕು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬೇಕು. ಅದನ್ನು ನಿಶ್ಚಯಿಸುವುದು ವೈದ್ಯರ ಕೆಲಸ. ನಡುವೆ ನಿಲ್ಲಿಸುವುದೂ ತಾನಾಗಿ ಮುಂದುವರಿಸುವುದೂ ನಮ್ಮ ಕೆಲಸವಲ್ಲ.

ಎಲ್ಲಕ್ಕಿಂತ ಮಿಗಿಲಾದ ಅಹಿಂಸೆ ರೋಗವನ್ನು ಬಾರದಂತೆ ತಡೆಯುವುದು. ನೀರನ್ನು ಸೋಸಿ ಕಾಯಿಸಿ ಪ್ರಾಸುಕ ಮಾಡುವಾಗಲೂ ಜೀವಹಾನಿ ಆಗುವುದಿಲ್ಲವೇ ಎಂದು ಕೇಳಿದವರಿಗೆ, ಒಮ್ಮೆ ಆದ ಅಲ್ಪ ಹಾನಿಯಿಂದ ಮುಂದಿನ ಅಪಾರ ಉತ್ಪತ್ತಿಯೂ ಹಾನಿಯೂ ತಪ್ಪುತ್ತದೆಂದು ನಮ್ಮ ಹಿರಿಯರು ಉತ್ತರ ಕೊಡುತ್ತಿದ್ದರು. ಶುದ್ಧವಾದ ನೀರು, ತೊಳೆದ ಕೈ, ಸಕಾಲದ ಲಸಿಕೆ ಇವುಗಳಿಂದ ವಿಷಮಶೀತಜ್ವರದಂತಹ ರೋಗ ತಪ್ಪಿದರೆ ಜೀವಿರೋಧಕದ ಪ್ರಸಂಗವೇ ಬರುವುದಿಲ್ಲ.

ಅತ್ತೆಯವರಿಗೆ ದಿನಕ್ಕೊಮ್ಮೆ ಮಧ್ಯಾಹ್ನದ ಹೊತ್ತಿಗೆ ಎರ್ಟಾಪೆನೆಮ್ ಎಂಬ ಕಾರ್ಬಪೆನೆಮ್ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟರು. ಮೊದಲ ದಿನ ಎಚ್ಚರ ಬಂದಾಗ ಅವರು ವೈದ್ಯರನ್ನು, “ಡಾಕ್ಟರೇ, ಇದರಿಂದ ಎಷ್ಟು ಜೀವ ಹೋಗ್ತವೆ?” ಎಂದು ಕೇಳಿದರು. ವೈದ್ಯರು ನಗಲಿಲ್ಲ. “ಲೆಕ್ಕ ನನಗೂ ಗೊತ್ತಿಲ್ಲಮ್ಮಾ. ಬೇಕಾದ್ದಕ್ಕಿಂತ ಒಂದು ದಿನವೂ ಹೆಚ್ಚು ಕೊಡೋದಿಲ್ಲ” ಎಂದರು. ಅತ್ತೆಯವರು ಕಣ್ಣು ಮುಚ್ಚಿ ಕೈಚಾಚಿದರು. ನೀರನ್ನು ಹೆಚ್ಚಾಗಿ ಕುಡಿಯಲೇಬೇಕೆಂದಾಗ ಏಕಾಶನದ ನಿಯಮವನ್ನು ಬಿಟ್ಟು ಹಗಲೆಲ್ಲ ನೀರು ಕುಡಿದರು. ಗುಣವಾದ ಮೇಲೆ ಬಸದಿಗೆ ಬಂದಿದ್ದ ಮುನಿಗಳ ಮುಂದೆ ಎಲ್ಲವನ್ನೂ ಹೇಳಿ ಪ್ರಾಯಶ್ಚಿತ್ತ ಬೇಡಿದರು. ನಿಯಮ ಮುರಿದುದನ್ನಷ್ಟೇ ಅಲ್ಲ, ದಿಂಬಿನ ಕೆಳಗಿಟ್ಟ ಮಾತ್ರೆಗಳನ್ನೂ ಹೇಳಿದರು.

ಅಂದೇ ಅವರು ಮತ್ತೊಂದು ವ್ರತವನ್ನೂ ಸ್ವೀಕರಿಸಿದರು. ಭೋಗೋಪಭೋಗ ಪರಿಮಾಣದಲ್ಲಿ ಕಾಲಮಿತಿಯುಳ್ಳದ್ದು ನಿಯಮ, ಜೀವಾವಧಿಯದ್ದು ಯಮ. ಅವರು ಯಮವಾಗಿ ಸ್ವೀಕರಿಸಿದ್ದು ಇಷ್ಟೇ: ವೈದ್ಯರು ಪರೀಕ್ಷಿಸಿ ಬೇಕೆನ್ನದೆ ಇಂತಹ ಔಷಧವನ್ನು ಮುಟ್ಟುವುದಿಲ್ಲ, ಬೇಕೆಂದಾಗ ಹೇಳಿದಷ್ಟನ್ನು ಬಿಡುವುದಿಲ್ಲ, ಉಳಿದುದನ್ನು ಯಾರಿಗೂ ಕೊಡುವುದಿಲ್ಲ. ಮನೆಗೆ ಬಂದ ಮೇಲೆ ನನ್ನನ್ನು ಕರೆದು, “ಅಪ್ಪಾ, ಆ ಖಾನೆ ಖಾಲಿ ಮಾಡು” ಎಂದರು. ಮಾಡಿದೆ. ಅವರ ವ್ರತವನ್ನು ನಾನೂ ಅಂದೇ ಹಿಡಿದೆ. ಹಸಿವಿಲ್ಲದ, ಯಾರ ಕಣ್ಣಿಗೂ ಕಾಣದ, ಪಾರಣೆಯ ಸಂಭ್ರಮವೂ ಇಲ್ಲದ ವ್ರತವಿದು. ಮುಂದಿನ ಪರ್ವದಲ್ಲಿ ಏನನ್ನು ತ್ಯಜಿಸಲಿ ಎಂದು ಆಲೋಚಿಸುವ ಶ್ರಾವಕ ಶ್ರಾವಿಕೆಯರು ಇದನ್ನೂ ತಮ್ಮ ಎಣಿಕೆಯಲ್ಲಿ ಸೇರಿಸಿಕೊಳ್ಳಲೆಂದು ಪ್ರಾರ್ಥಿಸುತ್ತೇನೆ.